ಶೃಂಗೇರಿಯ ಕಡತಗಳೂ ಸಾಕ್ಷಿಧರ್ಮವೂ

ಗೃಹಸ್ಥನ ಬಾಳಿನಲ್ಲಿ ಸಂಭವಿಸುವ ಹಿಂಸೆಯನ್ನು ಜೈನಾಚಾರ್ಯರು ಆರಂಭಿ, ಉದ್ಯೋಗಿ, ವಿರೋಧಿ ಮತ್ತು ಸಂಕಲ್ಪಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಅಡುಗೆ, ಗುಡಿಸುವಿಕೆ ಮೊದಲಾದ ಮನೆವಾರ್ತೆಯಲ್ಲಿ ಆಗುವುದು ಮೊದಲನೆಯದು. ಬೇಸಾಯ, ವ್ಯಾಪಾರಗಳಲ್ಲಿ ಆಗುವುದು ಎರಡನೆಯದು. ನಾಡಿನ ಮೇಲೆ ಏರಿ ಬಂದವನನ್ನು ಎದುರಿಸುವಾಗ ಆಗುವುದು ಮೂರನೆಯದು. ಈ ಮೂರನ್ನೂ ಶ್ರಾವಕನು ಸಂಪೂರ್ಣವಾಗಿ ತೊರೆಯಲಾರನೆಂದು ಶಾಸ್ತ್ರಕಾರರು ಬಲ್ಲರು. ಆದರೆ ಕೊಲ್ಲಬೇಕೆಂಬ, ಸುಲಿಯಬೇಕೆಂಬ ಸಂಕಲ್ಪದಿಂದಲೇ ಮಾಡುವ ನಾಲ್ಕನೆಯ ಹಿಂಸೆ ಸರ್ವಥಾ ತ್ಯಾಜ್ಯ. ಚಾವುಂಡರಾಯ, ಗಂಗರಾಜರಂತಹ ಜಿನಭಕ್ತರು ದಂಡನಾಯಕರಾಗಿಯೂ ಇದ್ದುದನ್ನು ಈ ವಿಂಗಡಣೆಯ ಬೆಳಕಿನಲ್ಲಿ ಅರಿಯಬೇಕು.

ತತ್ತ್ವದಲ್ಲಿ ಇದು ಸ್ಪಷ್ಟವಾಗಿದೆ. ವ್ಯವಹಾರದಲ್ಲಿ ಮಾತ್ರ ಒಂದು ತೊಡಕು ಉಂಟು. ಯುದ್ಧ ಮುಗಿದ ಮೇಲೆ ತಾನು ಮಾಡಿದ್ದು ವಿರೋಧಿ ಹಿಂಸೆಯೆಂದು ಪ್ರತಿಯೊಬ್ಬನೂ ಹೇಳುತ್ತಾನೆ. ಆಯುಧವಿಲ್ಲದವರನ್ನು ಕೊಂದದ್ದು, ಹೆಂಗಸರನ್ನು ಕೆಡಿಸಿದ್ದು, ದೇವಸ್ಥಾನವನ್ನು ದೋಚಿದ್ದು ಎಲ್ಲವೂ ‘ಯುದ್ಧದಲ್ಲಿ ಆಗುವಂಥದ್ದು’ ಎಂಬ ಒಂದೇ ಮಾತಿನಲ್ಲಿ ಮುಚ್ಚಿಹೋಗುತ್ತವೆ. ನಡೆದುದು ಯಾವ ಬಗೆಯ ಹಿಂಸೆ ಎಂದು ತೀರ್ಮಾನಿಸಬೇಕಾದರೆ ಯಾರೋ ಒಬ್ಬರು ಅದನ್ನು ಆಗಲೇ, ಇದ್ದದ್ದು ಇದ್ದಂತೆ ಬರೆದಿಟ್ಟಿರಬೇಕು. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿಯೇ ಇದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ.

1791ರ ಘಟನೆ

ಕಳಸ, ಮೂಡಿಗೆರೆಗಳ ಬೆಟ್ಟಗಳಲ್ಲಿ ಕಾಫಿ ತೋಟಗಳು ಇನ್ನೂ ಹರಡದಿದ್ದ ಕಾಲ. ಟೀಪೂ ಸುಲ್ತಾನನ ವಿರುದ್ಧ ಇಂಗ್ಲಿಷರು, ನಿಜಾಮ ಮತ್ತು ಮರಾಠರು ಕೂಡಿ ಹೂಡಿದ ಮೂರನೆಯ ಮೈಸೂರು ಯುದ್ಧ ನಡೆಯುತ್ತಿತ್ತು. ಪರಶುರಾಮ ಭಾವೂ ಪಟವರ್ಧನನ ಮರಾಠಾ ಸೈನ್ಯವು ಧಾರವಾಡದ ಕೋಟೆಯನ್ನು ಹಿಡಿದು ದಕ್ಷಿಣಕ್ಕೆ ಇಳಿಯಿತು. ಆ ಸೈನ್ಯದ ಜೊತೆಯಲ್ಲಿ ಸಂಬಳವಿಲ್ಲದೆ ಲೂಟಿಯನ್ನೇ ಜೀವನೋಪಾಯ ಮಾಡಿಕೊಂಡಿದ್ದ ಪಿಂಡಾರಿಗಳ ಗುಂಪುಗಳಿದ್ದವು. 1791ರಲ್ಲಿ ಈ ಪಡೆಯ ಒಂದು ಭಾಗವು ತುಂಗಾತೀರದ ಶೃಂಗೇರಿ ಮಠಕ್ಕೆ ನುಗ್ಗಿತು. ಮಠದ ಸ್ವತ್ತನ್ನು ದೋಚಲಾಯಿತು. ಅನೇಕರು ಹತರಾದರು, ಗಾಯಗೊಂಡರು. ಶ್ರೀ ಶಾರದೆಯ ವಿಗ್ರಹವನ್ನು ಸ್ಥಾನದಿಂದ ಕದಲಿಸಲಾಯಿತು. ಅಂದಿನ ಪೀಠಾಧಿಪತಿಗಳಾದ ಮೂರನೆಯ ಸಚ್ಚಿದಾನಂದ ಭಾರತಿಗಳು ಊರು ಬಿಟ್ಟು ಘಟ್ಟದ ಕೆಳಗಿನ ಕಾರ್ಕಳವನ್ನು ಸೇರಿದರು.

ಈ ಕಾರ್ಕಳವು ಜೈನರಿಗೆ ಅಪರಿಚಿತವಲ್ಲ. ಒಂದು ಕಾಲದಲ್ಲಿ ಘಟ್ಟದ ಮೇಲಿನ ಕಳಸವನ್ನೂ ಕೆಳಗಿನ ಕಾರ್ಕಳವನ್ನೂ ಜೈನರಾದ ಭೈರರಸರು ಒಂದೇ ರಾಜ್ಯವಾಗಿ ಆಳಿದ್ದರು. 1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ ಬಾಹುಬಲಿಸ್ವಾಮಿಯ ಮೂರ್ತಿ ಅಲ್ಲಿಯ ಬಂಡೆಯ ಮೇಲೆ ಇಂದಿಗೂ ನಿಂತಿದೆ. ಗೆದ್ದ ರಾಜ್ಯವನ್ನು ಬಿಟ್ಟುಕೊಟ್ಟವನ ಮೂರ್ತಿಯಿರುವ ಊರಿಗೆ, ಯುದ್ಧದಲ್ಲಿ ನೆಲೆ ಕಳೆದುಕೊಂಡ ಸಂನ್ಯಾಸಿಯೊಬ್ಬರು ಆಶ್ರಯಕ್ಕಾಗಿ ಬಂದರು.

ಮೂರು ಕೈಗಳ ಬರಹ

ಸ್ವಾಮಿಗಳು ನಡೆದುದನ್ನು ಟೀಪೂ ಸುಲ್ತಾನನಿಗೆ ಬರೆದು ತಿಳಿಸಿದರು. ಸುಲ್ತಾನನಿಂದ ಕನ್ನಡದಲ್ಲಿ ಉತ್ತರಗಳು ಬಂದವು. ಆತನು ದುಷ್ಕೃತ್ಯವನ್ನು ಖಂಡಿಸಿ, ಶಾರದೆಯ ಪುನಃಪ್ರತಿಷ್ಠೆಗಾಗಿ 200 ರಹತಿ ನಾಣ್ಯಗಳನ್ನೂ ಇತರ ಸಾಮಗ್ರಿಗಳನ್ನೂ ಒದಗಿಸುವಂತೆ ಬಿದನೂರು ಪ್ರಾಂತದ ಅಧಿಕಾರಿಗೆ ಆಜ್ಞೆ ಮಾಡಿದನು. ಈ ಪತ್ರವ್ಯವಹಾರವು ಮಠದ ದಫ್ತರಿನಲ್ಲಿ ಉಳಿದುಬಂದಿತು. 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು ಸುಮಾರು 30 ಪತ್ರಗಳನ್ನು ಅಲ್ಲಿ ಕಂಡು ಬೆಳಕಿಗೆ ತಂದರು. ಮುಂದೆ ಇತಿಹಾಸಕಾರ ಸುರೇಂದ್ರನಾಥ ಸೇನರು ಅವುಗಳ ಬಗೆಗೆ ಬರೆದರು.

ಮಲೆನಾಡಿನ ಮಳೆಯಲ್ಲಿ ಬರಹ ಉಳಿಯುವುದೇ ಒಂದು ಸಾಧನೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಕಡತಗಳು ಅಂದಿನ ಲೆಕ್ಕದ ಪುಸ್ತಕಗಳಾಗಿದ್ದವು. ಮಠಗಳಲ್ಲಿ, ಶಾನುಭೋಗರ ಮನೆಗಳಲ್ಲಿ, ವರ್ತಕರ ಅಂಗಡಿಗಳಲ್ಲಿ ಅದೇ ಪದ್ಧತಿ ಇತ್ತು. ಬಂದದ್ದು, ಹೋದದ್ದು, ಕೊಟ್ಟವರು, ಪಡೆದವರು ಎಂದು ದಿನದಿನವೂ ಬರೆಯುವ ಅಭ್ಯಾಸವಿದ್ದ ಸಂಸ್ಥೆಗೆ ಮಾತ್ರ ಆಪತ್ಕಾಲದಲ್ಲಿಯೂ ಬರೆಯುವುದು ಸಾಧ್ಯವಾಗುತ್ತದೆ.

ಪೀಡಿತನ ದೂರು ಮತ್ತು ಆತನ ದೊರೆಯ ಉತ್ತರ ಇವೆರಡೇ ಇದ್ದಿದ್ದರೆ, ಇದು ಶತ್ರುವಿನ ಮೇಲೆ ಹೊರಿಸಿದ ಆರೋಪವೆಂದು ಯಾರಾದರೂ ತಳ್ಳಿಹಾಕಬಹುದಾಗಿತ್ತು. ಹಾಗಾಗದಂತೆ ತಡೆದದ್ದು ಮೂರನೆಯ ಕೈಯ ಬರಹ. ಪಟವರ್ಧನ ಮನೆತನದ ಕಾಗದಪತ್ರಗಳನ್ನು ವಾಸುದೇವಶಾಸ್ತ್ರಿ ಖರೆಯವರು ಮರಾಠಿಯಲ್ಲಿ ಸಂಪುಟಗಳಾಗಿ ಪ್ರಕಟಿಸಿದರು. ಮರಾಠರ ಪಾಳೆಯದಿಂದಲೇ ಹೊರಟ ಪತ್ರಗಳಲ್ಲಿ ಶೃಂಗೇರಿಯ ಲೂಟಿಯ ಪ್ರಸ್ತಾಪವಿದೆ. ತನಗೆ ಪ್ರತಿಕೂಲವಾದುದನ್ನು ತಾನೇ ಬರೆದಿಟ್ಟ ಕಾಗದಕ್ಕಿಂತ ಬಲವಾದ ಸಾಕ್ಷ್ಯವಿಲ್ಲವೆಂಬುದನ್ನು ವಕೀಲರೂ ಬಲ್ಲರು, ವರ್ತಕರೂ ಬಲ್ಲರು.

ಆದರೂ ಆ ಪತ್ರಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಸ್ವಾಮಿಗಳು ಉಪವಾಸ ಕುಳಿತು ದೇಹತ್ಯಾಗ ಮಾಡಿದರೆಂದು ಆ ಕಾಲದ ಒಂದು ಮರಾಠಿ ಪತ್ರ ಹೇಳುತ್ತದೆ. ವಾಸ್ತವವಾಗಿ ಅವರು 1814ರವರೆಗೆ ಪೀಠದಲ್ಲಿದ್ದರು. ಬರೆದವನಿಗೆ ಸುಳ್ಳು ಹೇಳುವ ಉದ್ದೇಶವಿತ್ತೆಂದು ತಿಳಿಯಬೇಕಾಗಿಲ್ಲ. ಕೇಳಿದ್ದನ್ನು ಕಂಡದ್ದರ ಜೊತೆಗೆ ಸೇರಿಸಿ ಬರೆದನು, ಅಷ್ಟೆ. ಒಂದು ಪತ್ರದ ತಪ್ಪನ್ನು ಮತ್ತೊಂದು ದಾಖಲೆ ತಿದ್ದುವುದಕ್ಕಾಗಿಯೇ ಎಲ್ಲ ಕಡೆಯ ಬರಹವೂ ಬೇಕು.

ಬರಹದಲ್ಲಿ ಉಳಿಯದೆ ಹೋದದ್ದು

ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳಿಂದ ಕರ್ಮಾಸ್ರವವಾಗುತ್ತದೆಂದು ಜಿನಾಗಮ ಬೋಧಿಸುತ್ತದೆ. ತಾನೇ ಮಾಡಿದವನಷ್ಟೇ ಅಲ್ಲದೆ ಮಾಡಿಸಿದವನೂ, ಕಂಡು ಸಮ್ಮತಿಸಿದವನೂ ಹೊಣೆಗಾರರು. ಶೃಂಗೇರಿಯ ವಿಷಯದಲ್ಲಿ ದೋಷವನ್ನು ಪಿಂಡಾರಿಗಳ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ಪ್ರಯತ್ನ ಆಗಲೇ ನಡೆಯಿತು. ಅವರನ್ನು ಸೈನ್ಯದೊಡನೆ ಕರೆತಂದವರು ಯಾರು, ಲೂಟಿಯಲ್ಲಿ ಪಾಲು ಯಾರಿಗೆ ಸಂದಿತು ಎಂಬುದನ್ನು ಯಾವ ನ್ಯಾಯಪೀಠವೂ ವಿಚಾರಿಸಲಿಲ್ಲ.

ಯುದ್ಧದ ಲೆಕ್ಕ ಮಾತ್ರ ಚುಕ್ತಾ ಆಯಿತು. 1792ರ ಮಾರ್ಚಿಯಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದದಂತೆ ಸುಲ್ತಾನನು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಮರಾಠರು ಹಣ ಪಡೆದವರ ಸಾಲಿನಲ್ಲಿದ್ದರು. ಶೃಂಗೇರಿಯಲ್ಲಿ ಸತ್ತವರ ಮನೆಯವರಿಗೆ ಆ ಒಪ್ಪಂದದಲ್ಲಿ ಒಂದು ಸಾಲೂ ಇರಲಿಲ್ಲ. ಸೋತವನು ಗೆದ್ದವರಿಗೆ ತೆತ್ತನು. ಗಾಯಗೊಂಡವರಿಗೆ ಯಾರೂ ತೆರಲಿಲ್ಲ.

ಲೂಟಿಯಾದ ಸ್ವತ್ತಿನ ಬೆಲೆಯನ್ನು 60 ಲಕ್ಷವೆಂದು ಹೇಳುವ ವಾಡಿಕೆ ಇದೆ. ಸುಲ್ತಾನನ ಹೆಸರನ್ನು, ಭಾವೂವಿನ ಹೆಸರನ್ನು ಶಾಲೆಯ ಮಕ್ಕಳೂ ಓದುತ್ತಾರೆ. ಆದರೆ ಅಂದು ಮಡಿದವರಲ್ಲಿ ಒಬ್ಬರ ಹೆಸರನ್ನಾದರೂ ಬಲ್ಲ ಓದುಗರು ಸಿಗುವುದು ಕಷ್ಟ. ಸ್ತ್ರೀಯರು ಅನುಭವಿಸಿದ್ದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವ ಪದ್ಧತಿ ಅಂದು ಇರಲಿಲ್ಲ. ಮಲೆನಾಡಿನ ವೀರಗಲ್ಲುಗಳಲ್ಲಿಯೂ ಇದೇ ಕೊರತೆ ಕಾಣುತ್ತದೆ. ತುರುಗೋಳು, ಊರಳಿವು, ಪೆಣ್ಬುಯ್ಯಲು ಎಂಬ ಮಾತುಗಳು ಕನ್ನಡ ವೀರಗಲ್ಲುಗಳಲ್ಲಿ ಬರುತ್ತವೆ. ಕಾದಿ ಸತ್ತ ವೀರನ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಅಪಹೃತಳಾದ ಹೆಣ್ಣಿನ ಹೆಸರು ಉಳಿಯುವುದಿಲ್ಲ.

ವಜಾ ಇಲ್ಲದ ಲೆಕ್ಕ

ಇಲ್ಲಿ ಮತ್ತೊಂದು ಅಂಶವನ್ನು ಮರೆಮಾಚಬಾರದು. ಶೃಂಗೇರಿಯನ್ನು ಸಂತೈಸಿದ ಅದೇ ಸುಲ್ತಾನನು 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಕೊಡಗಿನವರನ್ನೂ ಹಾಗೆಯೇ ಸಾಗಿಸಲಾಯಿತು. ದಾರಿಯಲ್ಲಿ, ಸೆರೆಯಲ್ಲಿ ಬಹು ಜನ ಮಡಿದರು. ಅವರ ಸಂಖ್ಯೆಯ ಬಗೆಗೆ ಇಂದಿಗೂ ಒಮ್ಮತವಿಲ್ಲ. ಊರೂರಿನ ಪಟ್ಟಿಯೊಂದು ಅಂದೇ ತಯಾರಾಗಿ ಉಳಿದಿದ್ದರೆ ಸಂಖ್ಯೆಯನ್ನು ಹಿಗ್ಗಿಸುವವರಿಗೂ ಕುಗ್ಗಿಸುವವರಿಗೂ ಎಡೆಯಿರುತ್ತಿರಲಿಲ್ಲ.

ಒಂದು ಪಕ್ಷದವರು ಶೃಂಗೇರಿಯ ಪತ್ರಗಳನ್ನು ತೋರಿಸಿ ಮಂಗಳೂರಿನ ಸೆರೆಯನ್ನು ಮರೆಸುತ್ತಾರೆ. ಇನ್ನೊಂದು ಪಕ್ಷದವರು ಸೆರೆಯನ್ನು ತೋರಿಸಿ ಶೃಂಗೇರಿಯ ಲೂಟಿಯನ್ನು ಮುಚ್ಚುತ್ತಾರೆ. ಲೆಕ್ಕಪತ್ರ ಬಲ್ಲವರಿಗೆ ಇದರ ದೋಷ ತಕ್ಷಣ ಹೊಳೆಯುತ್ತದೆ. ರಾಮಣ್ಣನು ಕೊಡಬೇಕಾದ ಬಾಕಿಯನ್ನು ಭೀಮಣ್ಣನು ಮಾಡಿದ ದಾನಕ್ಕೆ ವಜಾ ಹಾಕುವುದುಂಟೆ? ಪ್ರತಿಯೊಬ್ಬ ಪೀಡಿತನದೂ ಪ್ರತ್ಯೇಕ ಖಾತೆ. ಒಬ್ಬ ದೊರೆಯ ಔದಾರ್ಯವನ್ನು ಅದರ ಪುಟದಲ್ಲಿ ಬರೆಯಬೇಕು, ಆತನ ಕ್ರೌರ್ಯವನ್ನು ಅದರ ಪುಟದಲ್ಲಿ ಬರೆಯಬೇಕು. ಅನೇಕಾಂತವೆಂದರೆ ಎಲ್ಲವನ್ನೂ ಕಲಸಿ ಸಮ ಮಾಡುವುದೆಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ಪ್ರತಿಯೊಂದು ಸತ್ಯವನ್ನೂ ಅದರ ನೆಲೆಯಲ್ಲಿ ನಿಲ್ಲಿಸಿ ನೋಡುವುದೇ ಅನೇಕಾಂತ.

ಬುಸುವಿಸೆಟ್ಟಿಯ ಮೇಲ್ಪಂಕ್ತಿ

ದೂರು ಕೊಟ್ಟವರಿಗೆ ನ್ಯಾಯ ದೊರಕಿ, ಆ ನ್ಯಾಯವು ಬರಹದಲ್ಲಿ ನಿಂತ ನಿದರ್ಶನವೂ ಜೈನರ ಇತಿಹಾಸದಲ್ಲಿದೆ. ಅದು ಯುದ್ಧಕಾಲದ್ದಲ್ಲ, ಮತಕಲಹದ್ದು. 1368ರಲ್ಲಿ ಆನೆಗೊಂದಿ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಭವ್ಯರು ಶ್ರೀವೈಷ್ಣವರಿಂದ ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿದರು. ಅರಸನು ಉಭಯ ಪಕ್ಷದ ಮುಖ್ಯರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ತೀರ್ಪು ಕೊಟ್ಟನು. ಜೈನರಿಗೆ ಸಲ್ಲುವ ಪಂಚಮಹಾವಾದ್ಯ ಮತ್ತು ಕಲಶಗಳ ಗೌರವವು ಸ್ಥಿರವಾಯಿತು.

ಈ ತೀರ್ಪು ಮಾತಿನಲ್ಲಿ ನಿಲ್ಲಲಿಲ್ಲ. ಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಶ್ರವಣಬೆಳಗೊಳದ ದೇವರ ರಕ್ಷಣೆಗೆ 20 ಮಂದಿ ಕಾವಲಿನವರನ್ನು ನೇಮಿಸಬೇಕು, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದು ಗೊತ್ತುಮಾಡಲಾಯಿತು. ತಿರುಮಲೆಯ ತಾತಯ್ಯನೆಂಬ ವೈಷ್ಣವ ಪ್ರಮುಖನ ಮೇಲೆಯೇ ಆ ಹೊಣೆ ಬಿತ್ತು. ಮೀರಿದವರಿಗೆ ರಾಜದ್ರೋಹ, ಸಂಘದ್ರೋಹಗಳ ದೋಷವನ್ನು ವಿಧಿಸಿ, ಶಾಸನವನ್ನು ಬಸದಿಗಳಲ್ಲಿ ನಿಲ್ಲಿಸುವಂತೆ ಆಜ್ಞೆಯಾಯಿತು. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಎಂಬ ಶ್ರಾವಕನು ಅರಸನಲ್ಲಿ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ, ಆ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪದವಿಯನ್ನು ಕೊಟ್ಟರು. ಬರೆಸಿದ್ದು ಅಳಿಯದಂತೆ ನೋಡಿಕೊಂಡವನನ್ನು ಪ್ರತಿಪಕ್ಷದವರೂ ಗೌರವಿಸಿದರೆಂಬುದು ಗಮನಾರ್ಹ.

ಇಂದಿನ ಶಿಕ್ಷಣ

ಶೃಂಗೇರಿಯಲ್ಲಿ ದೊರಕದೆ ಹೋದ ನ್ಯಾಯವನ್ನು ಜಗತ್ತು ನಿಧಾನವಾಗಿ ರೂಪಿಸಿಕೊಂಡಿದೆ. 1949ರ ಜಿನೀವಾ ಒಪ್ಪಂದಗಳಿಗೆ ಅನುಗುಣವಾಗಿ ಭಾರತವು 1960ರಲ್ಲಿ ಕಾಯಿದೆ ಮಾಡಿತು. 1998ರ ರೋಮ್ ಶಾಸನದಿಂದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಹುಟ್ಟಿತು. ಭಾರತ ಅದಕ್ಕೆ ಸೇರಿಲ್ಲ. ಆ ನ್ಯಾಯಾಲಯವು 2016ರ ಸೆಪ್ಟೆಂಬರಿನಲ್ಲಿ ಮಾಲಿ ದೇಶದ ಟಿಂಬಕ್ಟು ಪಟ್ಟಣದ ಸಂತರ ಸಮಾಧಿಗಳನ್ನು ಕೆಡವಿಸಿದ ಅಲ್ ಮಹ್ದಿ ಎಂಬವನಿಗೆ 9 ವರ್ಷಗಳ ಶಿಕ್ಷೆ ವಿಧಿಸಿತು. ಮರುವರ್ಷ 27 ಲಕ್ಷ ಯೂರೋಗಳ ಪರಿಹಾರವನ್ನೂ ನಿಗದಿಮಾಡಿತು. ಶೃಂಗೇರಿಯವರಿಗೆ ಒಪ್ಪಂದದಲ್ಲಿ ಇಲ್ಲದೆಹೋದ ಸಾಲು ಟಿಂಬಕ್ಟುವಿನವರಿಗೆ ತೀರ್ಪಿನಲ್ಲಿ ಸಿಕ್ಕಿತು.

ಆದರೆ ನ್ಯಾಯಾಲಯಕ್ಕೆ ಸಾಕ್ಷ್ಯವನ್ನು ಒದಗಿಸುವವರು ಯಾರು? ಯುದ್ಧ ನಡೆಯುವ ಊರಿಗೆ ಹೊರಗಿನ ತನಿಖೆಗಾರರು ಬಹಳ ತಡವಾಗಿ ಬರುತ್ತಾರೆ, ಅಥವಾ ಬರುವುದೇ ಇಲ್ಲ. ಅಲ್ಲಿಯ ವಕೀಲರೂ ಸಮಾಜಸೇವಕರೂ ಮಾತ್ರ ಅಲ್ಲಿರುತ್ತಾರೆ. ಸಿರಿಯಾದಲ್ಲಿ 2011ರಲ್ಲಿ ದಂಗೆ ಆರಂಭವಾದಾಗ, ಕೆನಡಾದ ವಿಲಿಯಂ ವೈಲಿ ಎಂಬ ಅನುಭವಿ ತನಿಖೆಗಾರರು ಅಲ್ಲಿನ ವಕೀಲರು ಮತ್ತು ಕಾರ್ಯಕರ್ತರಿಗೆ ಶಿಕ್ಷಣ ಕೊಡತೊಡಗಿದರು. ಶವಗಳ ಚಿತ್ರ ತೆಗೆದರೆ ಸಾಲದು, ಆಜ್ಞೆ ಯಾರಿಂದ ಹೊರಟಿತೆಂಬ ಕಾಗದ ಬೇಕು ಎಂಬುದು ಅವರ ಪಾಠ. ಕೃತಕ್ಕಿಂತ ಕಾರಿತವನ್ನು ಸಿದ್ಧಪಡಿಸುವುದು ಕಷ್ಟವೆಂಬುದೇ ಅದರ ತಾತ್ಪರ್ಯ. ಹೀಗೆ ತರಬೇತಾದವರು ಪ್ರಾಣಾಪಾಯವನ್ನು ಲೆಕ್ಕಿಸದೆ 2016ರ ವೇಳೆಗೆ 6 ಲಕ್ಷಕ್ಕೂ ಹೆಚ್ಚು ಪುಟಗಳ ಸರ್ಕಾರಿ ಕಾಗದಗಳನ್ನು ಹೊರಸಾಗಿಸಿದ್ದರು. 2022ರ ಜನವರಿ 13ರಂದು ಜರ್ಮನಿಯ ಕೊಬ್ಲೆಂಝ್ ನ್ಯಾಯಾಲಯವು ಸಿರಿಯಾದ ಮಾಜಿ ಅಧಿಕಾರಿ ಅನ್ವರ್ ರಸ್ಲಾನನಿಗೆ ಜೀವಾವಧಿ ಶಿಕ್ಷೆ ವಿಧಿಸಿದ ಮೊಕದ್ದಮೆಯಲ್ಲಿ ಇಂತಹ ಕಾಗದಗಳೂ ಪ್ರಯೋಜನಕ್ಕೆ ಬಂದವು.

ಐದು ಅತಿಚಾರಗಳು, ಐದು ಪಾಠಗಳು

ಇಂತಹ ಶಿಬಿರಗಳಲ್ಲಿ ಕಲಿಸುವುದನ್ನು ಗಮನಿಸಿದರೆ ಶ್ರಾವಕನಿಗೆ ಅಚ್ಚರಿಯಾಗುತ್ತದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನೇ ಅಲ್ಲಿ ಬೇರೆ ಮಾತುಗಳಲ್ಲಿ ನಿಷೇಧಿಸಲಾಗುತ್ತದೆ.

ಮೊದಲನೆಯದು ಮಿಥ್ಯೋಪದೇಶ. ಸಾಕ್ಷಿಗೆ ಹೇಳಿಕೊಡಬಾರದು. ‘ಅಧಿಕಾರಿಯೇ ಹೊಡೆದನಲ್ಲವೆ?’ ಎಂದು ಕೇಳದೆ ‘ಆಮೇಲೆ ಏನಾಯಿತು?’ ಎಂದು ಕೇಳಬೇಕು. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಈ ವಿವೇಕವಿದ್ದಿದ್ದರೆ ಸ್ವಾಮಿಗಳ ದೇಹತ್ಯಾಗದ ವದಂತಿ ಪತ್ರದಲ್ಲಿ ಸೇರುತ್ತಿರಲಿಲ್ಲ.

ಎರಡನೆಯದು ರಹೋಭ್ಯಾಖ್ಯಾನ, ಎಂದರೆ ಏಕಾಂತದ ವಿಷಯವನ್ನು ಬಯಲು ಮಾಡುವುದು. ಮಾನಭಂಗಕ್ಕೊಳಗಾದ ಸ್ತ್ರೀಯ ಹೇಳಿಕೆಯನ್ನು ಆಕೆಯ ಒಪ್ಪಿಗೆಯಿಂದ ಮಾತ್ರ ಪಡೆಯಬೇಕು. ಹತ್ತು ಮಂದಿ ಹತ್ತು ಬಾರಿ ಕೇಳಿ ಗಾಯವನ್ನು ಮತ್ತೆ ಮತ್ತೆ ಕೆದಕಬಾರದು.

ಮೂರನೆಯದು ಕೂಟಲೇಖಕ್ರಿಯೆ. ಸುಳ್ಳು ದಾಖಲೆಯ ಸೃಷ್ಟಿಯಷ್ಟೇ ಅಲ್ಲ, ನಿಜವಾದ ದಾಖಲೆಯನ್ನು ಕೊಂಚ ತಿದ್ದುವುದೂ ಈ ದೋಷವೇ. ಸತ್ತವರು 7 ಮಂದಿಯಾದರೆ 7 ಎಂದೇ ಬರೆಯಬೇಕು. 70 ಎಂದು ಬರೆದರೆ ಆ 7 ಮಂದಿಯ ಸಾವೂ ಸುಳ್ಳಾಗಿ ಕಾಣುತ್ತದೆ.

ನಾಲ್ಕನೆಯದು ನ್ಯಾಸಾಪಹಾರ. ಪೀಡಿತನು ಕೊಟ್ಟ ಹೇಳಿಕೆ, ಚಿತ್ರ, ಕಾಗದ ಎಲ್ಲವೂ ನಂಬಿ ಇಟ್ಟ ಠೇವಣಿ. ತೋಟದಿಂದ ಕ್ಯೂರಿಂಗ್ ವರ್ಕ್ಸಿಗೆ ಹೋಗುವ ಕಾಫಿ ಮೂಟೆಯನ್ನು ನೆನೆಯಬಹುದು. ಯಾವ ತೋಟದ್ದು, ಎಷ್ಟು ತೂಕ, ಯಾರು ಕಳುಹಿಸಿದರು, ಯಾರು ಪಡೆದರು ಎಂಬ ಚೀಟಿ ಪ್ರತಿ ಹಂತದಲ್ಲಿಯೂ ಇರಬೇಕು. ಒಂದು ಚೀಟಿ ತಪ್ಪಿದರೆ ಮೂಟೆಯ ಮೇಲೆ ಸಂದೇಹ ಬರುತ್ತದೆ. ಸಾಕ್ಷ್ಯದ ಕಾಗದವೂ ಕೈಯಿಂದ ಕೈಗೆ ಇದೇ ರೀತಿ ರಶೀದಿಯೊಡನೆ ಹೋಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಮೊಬೈಲು, ಕಂಪ್ಯೂಟರುಗಳಲ್ಲಿರುವ ದಾಖಲೆಗೆ ಪ್ರಮಾಣಪತ್ರ ಬೇಕೆನ್ನುವುದೂ ಇದೇ ಎಚ್ಚರಿಕೆಯಿಂದ.

ಐದನೆಯದು ಸಾಕಾರಮಂತ್ರಭೇದ. ಹಾವಭಾವಗಳಿಂದ ಪರರ ಗುಟ್ಟನ್ನರಿತು ಹೊರಗೆಡಹುವುದು. ಸಾಕ್ಷಿ ಯಾರೆಂಬುದು ಹೆಸರು ಹೇಳದಿದ್ದರೂ ಊರು, ವೃತ್ತಿ, ಮನೆಯ ಗುರುತುಗಳಿಂದ ಬಯಲಾಗಬಹುದು. ಅವನ ಪ್ರಾಣಕ್ಕೆ ಅಪಾಯ ಬರಬಹುದು. ಸತ್ಯವ್ರತವು ಅಹಿಂಸಾವ್ರತದ ಬೇಲಿಯೆಂದು ಹೇಳುವುದು ಇದಕ್ಕಾಗಿಯೇ. ಸಾಕ್ಷಿಯನ್ನು ಬಲಿಕೊಟ್ಟು ಸಂಪಾದಿಸಿದ ಸತ್ಯ ವ್ರತವಾಗಲಾರದು.

ಶ್ರಾವಕರ ಕರ್ತವ್ಯ

ಕಾಫಿಯ ಬೆಟ್ಟಗಳಲ್ಲಿ ಇಂದು ಯುದ್ಧವಿಲ್ಲ. ಆದರೂ ಈ ವಿದ್ಯೆ ಯುದ್ಧಕ್ಕೆ ಮಾತ್ರ ಸೀಮಿತವಾದುದಲ್ಲ. ಗಲಭೆ, ವಿಗ್ರಹಚೋರತನ, ಬಲಾತ್ಕಾರದ ಒಕ್ಕಲೆಬ್ಬಿಸುವಿಕೆ, ಕೂಲಿಯವರ ಶೋಷಣೆ ಎಲ್ಲೆಡೆಯೂ ಸಂಭವಿಸಬಹುದು. ಕಾನೂನು ಸೇವಾ ಪ್ರಾಧಿಕಾರಗಳು ಊರಿನವರನ್ನೇ ಅರೆಕಾನೂನು ಸ್ವಯಂಸೇವಕರನ್ನಾಗಿ ತರಬೇತು ಮಾಡುವ ವ್ಯವಸ್ಥೆ ಇದೆ. ಓದಿದ ಜೈನ ಯುವಕ ಯುವತಿಯರು ಅದರಲ್ಲಿ ಸೇರಿ, ಜಾತಿ ಮತ ನೋಡದೆ ನೊಂದವರ ಹೇಳಿಕೆಯನ್ನು ಸರಿಯಾಗಿ ಬರೆದುಕೊಳ್ಳುವುದನ್ನು ಕಲಿತರೆ ಅದು ಅಭಯದಾನಕ್ಕೆ ಸಮಾನವಾದ ಸೇವೆ.

ಬಸದಿಗಳ ಆಡಳಿತ ಮಂಡಳಿಗಳು ಮಾಡಬೇಕಾದ ಕೆಲಸವೂ ಉಂಟು. ಮೂರ್ತಿಗಳು, ತಾಡವೋಲೆಗಳು, ಒಡವೆ, ಭೂಮಿಗಳ ಪಟ್ಟಿಯನ್ನು ಅಳತೆ, ತೂಕ, ಛಾಯಾಚಿತ್ರಗಳೊಡನೆ ತಯಾರಿಸಿ, ಅದರ ಒಂದು ಪ್ರತಿಯನ್ನು ಬೇರೆ ಊರಿನಲ್ಲಿ ಇಡಬೇಕು. ಮೂಲೆ ಸೇರಿದ ಹಳೆಯ ಕಡತಗಳನ್ನು ಗೆದ್ದಲಿಗೆ ಬಿಡದೆ ಬಲ್ಲವರಿಂದ ಓದಿಸಬೇಕು. ಪ್ರತಿಕ್ರಮಣದಲ್ಲಿ ಶ್ರಾವಕನು ತನ್ನ ದೋಷಗಳನ್ನು ಒಂದೊಂದಾಗಿ ಹೆಸರಿಸಿ ಆಲೋಚನೆ ಮಾಡಿಕೊಳ್ಳುತ್ತಾನೆ. ಹೆಸರಿಸದ ದೋಷಕ್ಕೆ ಪ್ರಾಯಶ್ಚಿತ್ತವಿಲ್ಲ. ಸಮಾಜದ ದೋಷಕ್ಕೂ ಇದೇ ನಿಯಮ.

ಪೀಡಿತನು ಕ್ಷಮಿಸಬೇಕಾದರೂ ಯಾವುದನ್ನು ಕ್ಷಮಿಸುತ್ತಿದ್ದೇನೆಂದು ಅವನು ಬಲ್ಲವನಾಗಿರಬೇಕು. ಶೃಂಗೇರಿಯ ಮಠದವರು ಆಪತ್ತಿನಲ್ಲಿಯೂ ಬರೆದರು, ಬರೆದುದನ್ನು ಕಾಪಾಡಿದರು. ಆದ್ದರಿಂದ ಅವರಿಗಾದ ಅನ್ಯಾಯವನ್ನು ಇಂದು ಯಾರೂ ಅಲ್ಲಗಳೆಯಲಾರರು. ಅಲ್ಲಿ ಹೆಸರಿಲ್ಲದೆ ಹೋದವರ ಋಣವು ಮಾತ್ರ ಉಳಿದಿದೆ. ಮುಂದೆ ಎಲ್ಲಿಯೇ ಯಾರಿಗೇ ಅನ್ಯಾಯವಾದರೂ ಅವರ ಹೆಸರು ಬರಹದಲ್ಲಿ ಉಳಿಯುವಂತೆ ಮಾಡುವುದರಿಂದ ಆ ಋಣದ ಒಂದಂಶವಾದರೂ ತೀರೀತು.